ಮೊಡವೆ ಎದ್ದಿದ್ದಕ್ಕೆ ತಟ್ಟೆ ಎಷ್ಟು ಹೊಣೆ?

ಮುಖದಲ್ಲಿ ಒಂದು ಮೊಡವೆ ಎದ್ದರೆ ಸಾಕು, ಮನೆಯಲ್ಲಿ ತನಿಖೆ ಶುರು. "ನಿನ್ನೆ ಏನು ತಿಂದೆ?" ಅಂತ ಅಮ್ಮ. "ಹೊರಗಡೆ ಎಣ್ಣೆ ತಿಂಡಿ ಬೇಡ ಅಂದ್ರೆ ಕೇಳಲ್ಲ" ಅಂತ ಅಪ್ಪ. "ಉಷ್ಣ ಆಗಿದೆ, ಎಳನೀರು ಕುಡಿ" ಅಂತ ಅಜ್ಜಿ. ಪಕ್ಕದ ಮನೆ ಆಂಟಿಗಂತೂ ರಕ್ತವೇ ಕೆಟ್ಟಿದೆ ಅನ್ನೋದು ಖಾತ್ರಿ, ಬೇವಿನ ಕಷಾಯ ಕುಡಿಸದೆ ಬಿಡೋದಿಲ್ಲ. ಆಫೀಸಿಗೆ ಹೋದರೆ ಅಲ್ಲೂ ತಪ್ಪಿದ್ದಲ್ಲ. "ನಾನು ಹಾಲು ಬಿಟ್ಟೆ, ಸ್ಕಿನ್ ಕ್ಲಿಯರ್ ಆಯ್ತು, ನೀನೂ ಬಿಡು" ಅಂತ ಪಕ್ಕದ ಸೀಟಿನ ಗೆಳತಿ. ಸಂಜೆ ಫೋನ್ ತೆರೆದರೆ ರೀಲ್ಸ್‌ನಲ್ಲಿ ಇನ್ನೊಬ್ಬರು ಗೋಧಿ ಬಿಡಿ ಅಂತಾರೆ.

ಎಲ್ಲರ ಮಾತೂ ಕೇಳಿದರೆ ಕೊನೆಗೆ ತಿನ್ನೋಕೆ ಉಳಿಯೋದು ಸೌತೆಕಾಯಿ ಮಾತ್ರ.

ಹಾಗಾದರೆ ಊಟಕ್ಕೂ ಮೊಡವೆಗೂ ಸಂಬಂಧ ಇದೆಯೋ ಇಲ್ಲವೋ? ಇದೆ. ಆದರೆ ಮನೆಯವರು ಬೈಯುವ ತಿಂಡಿಗಳಲ್ಲಿ ಹೆಚ್ಚಿನವು ನಿರಪರಾಧಿಗಳು, ಯಾರೂ ಅನುಮಾನಿಸದ ಒಂದೆರಡು ಪದಾರ್ಥಗಳೇ ನಿಜವಾದ ಆರೋಪಿಗಳು. ಅವುಗಳ ಮೇಲೂ ಆರೋಪ ಪೂರ್ತಿ ಸಾಬೀತಾಗಿಲ್ಲ.

ಚಾಕೊಲೇಟ್ ಬಾರ್ ಮಾಡಿದ ಗೊಂದಲ

ಬಹಳ ವರ್ಷ ಚರ್ಮವೈದ್ಯರು "ಆಹಾರಕ್ಕೂ ಮೊಡವೆಗೂ ಸಂಬಂಧವೇ ಇಲ್ಲ" ಎನ್ನುತ್ತಿದ್ದರು. ಇದಕ್ಕೆ ದೊಡ್ಡ ಆಧಾರವಾಗಿದ್ದದ್ದು 1969ರ ಒಂದು ಅಮೆರಿಕನ್ ಅಧ್ಯಯನ. ಫಿಲಡೆಲ್ಫಿಯಾದ ಹೆಸರಾಂತ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು ಮೊಡವೆ ಇದ್ದ 65 ಜನರಿಗೆ ಒಂದಷ್ಟು ವಾರ ದಿನಾ ಚಾಕೊಲೇಟ್ ಬಾರ್ ತಿನ್ನಿಸಿದರು. ಇನ್ನೊಂದಷ್ಟು ವಾರ ಚಾಕೊಲೇಟ್ ಇಲ್ಲದ, ನೋಡಲು ಅದೇ ಥರದ ಬಾರ್ ಕೊಟ್ಟರು. ಮೊಡವೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಠ್ಯಪುಸ್ತಕಗಳು ಆ ಮಾತನ್ನು ಹಿಡಿದುಕೊಂಡವು.

ಒಂದು ಸಣ್ಣ ವಿಷಯ ಎಷ್ಟೋ ಜನರ ಗಮನಕ್ಕೆ ಬರಲಿಲ್ಲ. ಆ "ಚಾಕೊಲೇಟ್ ಇಲ್ಲದ" ಬಾರ್‌ನಲ್ಲಿ ಸಕ್ಕರೆ ಮತ್ತು ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ಜಾಮೂನಿಗೂ ಜಿಲೇಬಿಗೂ ಹೋಲಿಸಿ "ನೋಡಿ, ಜಾಮೂನಿನಿಂದ ಏನೂ ಆಗಲ್ಲ" ಎಂದಂತೆ. ಕೋಕೋ ಬಗ್ಗೆ ಏನೋ ಗೊತ್ತಾಯಿತು, ಸಕ್ಕರೆ ಬಗ್ಗೆ ಏನೂ ಗೊತ್ತಾಗಲಿಲ್ಲ.

ಚರ್ಚೆ ಮತ್ತೆ ಬಿಸಿಯಾದದ್ದು 2002ರಲ್ಲಿ. ಪಾಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ 1,200 ಜನರನ್ನು, ಪರಗ್ವೆಯ ಆಚೆ ಬುಡಕಟ್ಟಿನ 115 ಜನರನ್ನು ಪರೀಕ್ಷಿಸಿದಾಗ ಒಬ್ಬರಲ್ಲೂ ಮೊಡವೆ ಸಿಗಲಿಲ್ಲ ಎಂದು ಲೋರೆನ್ ಕೊರ್ಡೇನ್ ಮತ್ತು ತಂಡ ವರದಿ ಮಾಡಿತು. ಕಿಟಾವಾದಲ್ಲಿ 15ರಿಂದ 25ರ ವಯಸ್ಸಿನವರೇ 300 ಮಂದಿ ಇದ್ದರು. ಹದಿಹರೆಯದವರ ಒಂದು ಕ್ಲಾಸ್‌ರೂಮ್ ನೋಡಿದವರಿಗೂ ಇದು ನಂಬಲು ಕಷ್ಟ. ಅವರು ತಿನ್ನುತ್ತಿದ್ದದ್ದು ಗೆಡ್ಡೆ, ಗೆಣಸು, ಹಣ್ಣು, ಮೀನು, ತೆಂಗಿನಕಾಯಿ. ಮೈದಾ, ಸಕ್ಕರೆ, ಬಾಟಲಿ ಜ್ಯೂಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆ ಜನರ ವಂಶವಾಹಿ, ಬಿಸಿಲು, ಓಡಾಟ ಎಲ್ಲವೂ ಬೇರೆ ಅನ್ನೋದು ನಿಜ. ಆದರೂ ತೆಂಗಿನಕಾಯಿ ತಿಂದರೆ ಮೊಡವೆ ಬರುತ್ತೆ ಅನ್ನುವವರಿಗೆ ಹೇಳೋಕೆ ಇದೊಂದು ಒಳ್ಳೆಯ ಉತ್ತರ.

ರಂಧ್ರದೊಳಗೆ ನಡೆಯುವುದೇನು

ನಮ್ಮ ಮುಖದ ಪ್ರತಿ ಸಣ್ಣ ರೋಮದ ಬುಡದಲ್ಲೂ ಒಂದು ಜಿಡ್ಡಿನ ಗ್ರಂಥಿ ಇದೆ. ಅದು ಸೀಬಮ್ ಎಂಬ ಎಣ್ಣೆ ಬಿಡುತ್ತದೆ. ಸತ್ತ ಚರ್ಮದ ಕಣಗಳು ಆ ಎಣ್ಣೆಯ ಜೊತೆ ಅಂಟಿ ರಂಧ್ರಕ್ಕೆ ಬಿರಡೆ ಹಾಕಿದಂತೆ ಕೂರುತ್ತವೆ. ಒಳಗೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಉರಿಯೂತ ಶುರುವಾಗುತ್ತದೆ. ಗ್ರಂಥಿಗೆ ಎಷ್ಟು ಎಣ್ಣೆ ಬಿಡಬೇಕು ಎಂದು ಹುಕುಂ ಕೊಡುವುದು ಮುಖ್ಯವಾಗಿ ಆಂಡ್ರೋಜನ್ ಹಾರ್ಮೋನುಗಳು. ಹೆಂಗಸರಲ್ಲೂ ಇವು ಇರುತ್ತವೆ.

ಊಟ ಬರುವುದು ಇಲ್ಲಿ. ಬೇಗ ಜೀರ್ಣವಾಗುವ ಪಿಷ್ಟ, ಸಕ್ಕರೆ ತಿಂದಾಗ ರಕ್ತದಲ್ಲಿ ಗ್ಲೂಕೋಸ್ ಸರ್ರನೆ ಏರುತ್ತದೆ, ಅದರ ಬೆನ್ನಿಗೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಮತ್ತು ಅದರ ನೆಂಟ ಐಜಿಎಫ್-1 ಹೆಚ್ಚಾದರೆ ಆಂಡ್ರೋಜನ್‌ಗಳ ಕೈ ಮೇಲಾಗುತ್ತದೆ, ಜಿಡ್ಡು ಹೆಚ್ಚುತ್ತದೆ, ರಂಧ್ರದ ಬಾಯಿ ಬೇಗ ಕಟ್ಟಿಕೊಳ್ಳುತ್ತದೆ. ಅಂದರೆ ನೀವು ತಿಂದ ಬಜ್ಜಿಯ ಎಣ್ಣೆ ಕೆನ್ನೆ ಮೇಲೆ ಜಿನುಗುವುದಿಲ್ಲ. ಮುಖದ ಎಣ್ಣೆ ಮುಖದಲ್ಲೇ ತಯಾರಾಗುವುದು.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2007ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. 15ರಿಂದ 25 ವಯಸ್ಸಿನ 43 ಹುಡುಗರು, 12 ವಾರ. ಅರ್ಧ ಜನ ಸಕ್ಕರೆ, ಬಿಳಿ ಬ್ರೆಡ್ ಕಡಿಮೆ ಮಾಡಿ ಪ್ರೋಟೀನ್, ಇಡಿ ಧಾನ್ಯ ಹೆಚ್ಚು ತಿಂದರು. ಉಳಿದವರದ್ದು ಮಾಮೂಲಿ ಊಟ. ಆಹಾರ ಬದಲಿಸಿದವರಲ್ಲಿ ಸರಾಸರಿ 23-24 ಮೊಡವೆ ಕಡಿಮೆಯಾದವು. ಬದಲಿಸದವರಲ್ಲಿ? 12 ಕಡಿಮೆಯಾದವು!

ಈ ಎರಡನೇ ಸಂಖ್ಯೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಊಟದಲ್ಲಿ ಏನೂ ಬದಲಿಸದಿದ್ದರೂ ಮೂರು ತಿಂಗಳಲ್ಲಿ ಮೊಡವೆ ತಾನಾಗೇ ಏರುತ್ತೆ, ಇಳಿಯುತ್ತೆ. ನಮ್ಮ ಆಫೀಸಿನ ಗೆಳತಿ ಹಾಲು ಬಿಟ್ಟಾಗ ಮುಖ ತಿಳಿಯಾದದ್ದರಲ್ಲಿ ಹಾಲಿನ ಪಾಲೆಷ್ಟು, ಕಾಲದ ಪಾಲೆಷ್ಟು ಅಂತ ಅವಳಿಗೂ ಗೊತ್ತಿರುವುದಿಲ್ಲ. ಈ ಅಧ್ಯಯನದಲ್ಲಿ ಆಹಾರ ಬದಲಿಸಿದವರ ತೂಕವೂ ಇಳಿದಿತ್ತು, ಹಾಗಾಗಿ ಯಾವುದರಿಂದ ಏನಾಯಿತು ಅಂತ ಬಿಡಿಸಿ ಹೇಳುವುದು ಕಷ್ಟ. ಇಂಥ ಕಾರಣಗಳಿಂದಲೇ ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರ ತನ್ನ ಮಾರ್ಗಸೂಚಿಯಲ್ಲಿ, ಮೊಡವೆಗೆ ಇಂಥದ್ದೇ ಪಥ್ಯ ಎಂದು ಶಿಫಾರಸು ಮಾಡುವಷ್ಟು ಪುರಾವೆ ಸಾಲದು ಎಂದಿದೆ. ಸಂಬಂಧ ಇಲ್ಲ ಎಂದಿಲ್ಲ. ಸಾಲದು ಎಂದಿದೆ.

ಪಿಜಿ ಊಟದ ಲೆಕ್ಕ

ಈಗ ನಮ್ಮ ಊಟಕ್ಕೆ ಬರೋಣ. ಬೆಂಗಳೂರಿನ ಪಿಜಿಯಲ್ಲಿ ಇರುವವರ ಒಂದು ದಿನ ನೋಡಿ. ಬೆಳಿಗ್ಗೆ ಚಿತ್ರಾನ್ನ. ಮಧ್ಯಾಹ್ನ ಬಿಳಿ ಅನ್ನ, ನೀರು ನೀರು ಸಾಂಬಾರು, ಬೇಳೆ ಎಲ್ಲೋ ತಳದಲ್ಲಿ. ನಾಲ್ಕು ಗಂಟೆಗೆ ಬೇಕರಿಯಲ್ಲಿ ಆಲೂ ಬನ್, ಟೀ. ರಾತ್ರಿ ಮತ್ತೆ ಅನ್ನ, ಇಲ್ಲದಿದ್ದರೆ ಆ್ಯಪ್‌ನಲ್ಲಿ ತರಿಸಿದ ಪರೋಟ. ಇದರಲ್ಲಿ ಎಣ್ಣೆ ಜಾಸ್ತಿ ಅಂತ ಅಮ್ಮ ಚಿಂತೆ ಮಾಡ್ತಾರೆ. ಆದರೆ ನಿಜವಾದ ಸಮಸ್ಯೆ ಬೇರೆ: ನಾಲ್ಕೂ ಹೊತ್ತು ಬಿಳಿ ಪಿಷ್ಟ, ಅದನ್ನು ನಿಧಾನ ಮಾಡುವ ಕಾಳು, ತರಕಾರಿ, ಮೊಟ್ಟೆ ಯಾವುದೂ ಇಲ್ಲ.

ಸಕ್ಕರೆ ಲೆಕ್ಕ ಇನ್ನೂ ಮಜವಾಗಿದೆ. ಸ್ವೀಟ್ ನಾನು ಮುಟ್ಟಲ್ಲ ಅನ್ನುವವರೂ ದಿನಕ್ಕೆ ನಾಲ್ಕು ಕಪ್ ಕಾಫಿ-ಟೀ ಕುಡಿಯುತ್ತಾರೆ. ಕಪ್ಪಿಗೆ ಎರಡು ಚಮಚ ಅಂದರೆ ಎಂಟು ಚಮಚ, ಹತ್ತಿರ ಹತ್ತಿರ 35 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ "ಇಷ್ಟಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು" ಎನ್ನುವ ಮಿತಿ ಸುಮಾರು 25 ಗ್ರಾಂ. ಅದರ ಮೇಲೆ ಒಂದು ಕ್ಯಾನ್ ಕೂಲ್‌ಡ್ರಿಂಕ್ ಕುಡಿದರೆ ಇನ್ನೊಂದು 30 ಗ್ರಾಂ. ಕಾಫಿಯ ಕೆಫೀನ್ ಮೇಲೆ ಗಟ್ಟಿ ಆರೋಪವೇನೂ ಇಲ್ಲ, ಧೈರ್ಯವಾಗಿ ಕುಡಿಯಿರಿ, ಚಮಚ ಮಾತ್ರ ಲೆಕ್ಕ ಹಾಕಿ. ಬೆಲ್ಲ ಹಾಕ್ಕೊಂಡ್ರೆ ಪರವಾಗಿಲ್ಲ ಅಲ್ವಾ? ಇಲ್ಲ. ಬೆಲ್ಲದಲ್ಲಿ ಇರೋದೂ ಬಹುಪಾಲು ಅದೇ ಸಕ್ಕರೆ. ಇನ್ಸುಲಿನ್‌ಗೆ ಬಣ್ಣ ಕಾಣೋದಿಲ್ಲ.

ರಾಗಿ ಬಗ್ಗೆಯೂ ಒಂದು ಮಾತು. ಮುದ್ದೆ ಅಂದ ಕೂಡಲೇ ನಿಧಾನ ಜೀರ್ಣ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಆದರೆ ನುಣ್ಣಗೆ ಬೀಸಿ ಜರಡಿ ಹಿಡಿದ ಹಿಟ್ಟು ಯಾವ ಧಾನ್ಯದ್ದಾದರೂ ಬೇಗನೇ ಜೀರ್ಣವಾಗುತ್ತದೆ. ಮುದ್ದೆಯನ್ನು ಕಾಪಾಡೋದು ಅದರ ಜೊತೆಗಿರುವ ಸಾರು. ಮೊಳಕೆ ಹುರುಳಿ ಸಾರು, ಬಸ್ಸಾರು, ಸೊಪ್ಪಿನ ಪಲ್ಯ ಇದ್ದರೆ ಒಟ್ಟು ಊಟದ ವೇಗ ಇಳಿಯುತ್ತದೆ. ಜೋಳದ ರೊಟ್ಟಿ ಜೊತೆ ಕಾಳು ಪಲ್ಯ, ಶೇಂಗಾ ಚಟ್ನಿಪುಡಿ ತಿನ್ನುವ ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ದಕ್ಷಿಣ ಕನ್ನಡದ ಕುಚಲಕ್ಕಿಯೂ ಪಾಲಿಶ್ ಮಾಡಿದ ಸೋನಾಮಸೂರಿಗಿಂತ ಸಾಮಾನ್ಯವಾಗಿ ನಿಧಾನ.

ಹಾಗಂತ ಅನ್ನ ಬಿಡಿ ಅಂತ ಹೇಳ್ತಿಲ್ಲ. ತಟ್ಟೆಯಲ್ಲಿ ಅನ್ನದ ಜಾಗ ಸ್ವಲ್ಪ ಕಿರಿದಾಗಲಿ. ದರ್ಶಿನಿಯಲ್ಲಿ ಮೂರು ಇಡ್ಲಿ ಬದಲು ಎರಡು ಇಡ್ಲಿ, ಸಾಂಬಾರ್ ಇನ್ನೊಂದು ಸಲ. ಖಾಲಿ ದೋಸೆ ಬದಲು ಹೆಸರುಕಾಳು ದೋಸೆ ಸಿಕ್ಕರೆ ಅದು. ನಾಲ್ಕು ಗಂಟೆಯ ಆಲೂ ಬನ್ ಜಾಗಕ್ಕೆ ಡ್ರಾಯರ್‌ನಲ್ಲಿ ಹುರಿಗಡಲೆ, ಶೇಂಗಾ. ಪಿಜಿಯಲ್ಲಿ ಕೆಟಲ್ ಇದ್ದರೆ ಮೊಟ್ಟೆ ಬೇಯಿಸಿಕೊಳ್ಳಬಹುದು, ವಾರ್ಡನ್ ಅಕ್ಕ ಒಪ್ಪಿದರೆ!

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಮದುವೆ ಮನೆಯ ಬಾಳೆಲೆ ನೆನಪಿಸಿಕೊಳ್ಳಿ. ಮೊದಲು ಕೋಸಂಬರಿ, ಪಲ್ಯ, ಆಮೇಲೆ ಅನ್ನ. ತರಕಾರಿ, ಕಾಳು ಮೊದಲು ತಿಂದು ಪಿಷ್ಟ ಆಮೇಲೆ ತಿಂದರೆ ರಕ್ತದ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ ಎಂದು ಸಕ್ಕರೆ ಕಾಯಿಲೆಯವರ ಮೇಲಿನ ಅಧ್ಯಯನಗಳು ತೋರಿಸಿವೆ. ಮೊಡವೆಗೆ ಅಂತಲೇ ಮಾಡಿದ ಅಧ್ಯಯನಗಳಲ್ಲ ಅವು. ಆದರೂ ಕೋಸಂಬರಿ ಮೊದಲು ತಿನ್ನೋದರಿಂದ ಕಳಕೊಳ್ಳೋದೇನಿದೆ?

ಹಾಲಿನ ವಿಚಾರ, ಜಿಮ್ ಹುಡುಗರ ವಿಚಾರ

ಎರಡನೇ ಆರೋಪಿ ಹಾಲು. ಹಾಲಿನ ಗ್ಲೈಸೆಮಿಕ್ ಇಂಡೆಕ್ಸ್ ಕಡಿಮೆ, ಆದರೆ ಅದು ಇನ್ಸುಲಿನ್ ಏರಿಸುವುದರಲ್ಲಿ ಹಿಂದಿಲ್ಲ. ಕರುವನ್ನು ಬೆಳೆಸಲೆಂದೇ ಇರುವ ಆಹಾರ ಅದು, ಬೆಳವಣಿಗೆಯ ಸಂಕೇತ ಕೊಡುವುದೇ ಅದರ ಕೆಲಸ. 2018ರಲ್ಲಿ ಹಲವು ಅಧ್ಯಯನಗಳ 78 ಸಾವಿರಕ್ಕೂ ಹೆಚ್ಚು ಮಕ್ಕಳು, ಯುವಜನರ ಲೆಕ್ಕ ಒಟ್ಟು ಹಾಕಿದಾಗ ಹಾಲು ಕುಡಿಯುವವರಲ್ಲಿ ಮೊಡವೆಯ ಸಾಧ್ಯತೆ ಸ್ವಲ್ಪ ಹೆಚ್ಚು ಕಂಡಿತು. ವಿಚಿತ್ರ ಅಂದರೆ ಕೆನೆಹಾಲಿಗಿಂತ ಕೆನೆ ತೆಗೆದ ಹಾಲಿನ ಜೊತೆ ಸಂಬಂಧ ತುಸು ಗಟ್ಟಿಯಾಗಿತ್ತು. ಅಂದರೆ ಕೊಬ್ಬು ಕಾರಣ ಅನ್ನಿಸುವುದಿಲ್ಲ. ಮೊಸರಿನ ವಿಷಯದಲ್ಲಿ ಚಿತ್ರ ಸ್ಪಷ್ಟವಿಲ್ಲ. ಆದ್ದರಿಂದ ಮೊಸರನ್ನ ಬಿಟ್ಟು ದುಃಖಪಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಇವೆಲ್ಲ ಜನರನ್ನು ಗಮನಿಸಿ ಮಾಡಿದ ಅಧ್ಯಯನಗಳು. ಹಾಲು ಕುಡಿಯುವವರೆಲ್ಲರಿಗೂ ಮೊಡವೆ ಬರುತ್ತೆ ಅಂತಲ್ಲ. ಕಾಫಿಗೆ ಹಾಕುವ ಅರ್ಧ ಲೋಟ ಹಾಲು ಬಿಟ್ಟು ಬಾದಾಮಿ ಹಾಲಿಗೆ ದುಡ್ಡು ಸುರಿಯುವ ಮೊದಲು ಇದನ್ನು ಯೋಚಿಸಿ. ಬಿಟ್ಟೇ ನೋಡ್ತೀನಿ ಅನ್ನುವವರು ಕ್ಯಾಲ್ಸಿಯಂ ಎಲ್ಲಿಂದ ಅಂತ ಮೊದಲೇ ತೀರ್ಮಾನಿಸಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಇದೆ. ಎಳ್ಳು, ಸೊಪ್ಪು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಉಂಟು.

ಆದರೆ ವೇ ಪ್ರೋಟೀನ್ ಪೌಡರ್ ವಿಷಯ ಬೇರೆ. ಜಿಮ್‌ಗೆ ಸೇರಿ ಎರಡು ಮೂರು ತಿಂಗಳಲ್ಲಿ ಬೆನ್ನು, ಎದೆ, ದವಡೆ ತುಂಬ ಮೊಡವೆ ಎದ್ದ ಹುಡುಗರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಪೌಡರ್ ನಿಲ್ಲಿಸಿದ ಮೇಲೆ ಇಳಿದದ್ದೂ ಅವುಗಳಲ್ಲಿದೆ. ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. ಹಾಲಿನ ಪ್ರೋಟೀನಿನಲ್ಲಿ ಐದನೇ ಒಂದು ಭಾಗ ಮಾತ್ರ ವೇ. ಒಂದು ಸ್ಕೂಪ್‌ನ 24 ಗ್ರಾಂ ವೇ ಪ್ರೋಟೀನು ನೇರ ಹಾಲಿನಿಂದ ಬರಬೇಕಾದರೆ ಮೂರೂವರೆ ಲೀಟರಿಗಿಂತ ಹೆಚ್ಚು ಹಾಲು ಕುಡಿಯಬೇಕು! ದಿನಾ ಎರಡು ಸ್ಕೂಪ್ ಹಾಕಿಕೊಂಡು ಬೆನ್ನಿನ ಮೊಡವೆಗೆ ಸೋಪು ಬದಲಿಸುತ್ತಾ ಕೂತವರು ಮೊದಲು ಡಬ್ಬ ಬದಲಿಸಿ ನೋಡಲಿ. ಮೊಟ್ಟೆ, ಕಾಳು, ಸೋಯಾ, ಚಿಕನ್ ಇದ್ದೇ ಇದೆ. ಜೊತೆಗೆ ಹೆಚ್ಚು ಡೋಸಿನ ಬಿ12 ಮಾತ್ರೆಯೂ ಕೆಲವರಲ್ಲಿ ಮೊಡವೆ ಎಬ್ಬಿಸುತ್ತದೆ. ವೈದ್ಯರು ಕೊರತೆ ನೋಡಿ ಬರೆದದ್ದಾದರೆ ನೀವಾಗಿಯೇ ನಿಲ್ಲಿಸಬೇಡಿ, ಅವರಿಗೆ ಹೇಳಿ.

ಜಿಮ್‌ನಲ್ಲಿ ಯಾರೋ ಕೊಟ್ಟ ಹೆಸರಿಲ್ಲದ ಮಾತ್ರೆ, ಇಂಜೆಕ್ಷನ್ ತಗೊಂಡಿದ್ದರೆ ಮಾತ್ರ ಇದು ಆಹಾರದ ಪ್ರಶ್ನೆಯೇ ಅಲ್ಲ. ಅನಬಾಲಿಕ್ ಸ್ಟೀರಾಯ್ಡ್ ಎಬ್ಬಿಸುವ ಮೊಡವೆ ಭೀಕರವಾಗಿರುತ್ತದೆ. ವೈದ್ಯರ ಮುಂದೆ ಅದನ್ನು ಮುಚ್ಚಿಡಬೇಡಿ.

ಮಾವು, ಶೇಂಗಾ, ಉಷ್ಣ

ಮಾವಿನ ಹಣ್ಣು ತಿಂದರೆ ಮುಖದಲ್ಲಿ ಏಳುತ್ತೆ ಅನ್ನೋದು ನಮ್ಮಲ್ಲಿ ಎಲ್ಲರ ಮನೆಯ ಮಾತು. ಇದರಲ್ಲಿ ಒಂದು ನಿಜ ಅಡಗಿದೆ. ಮಾವಿನ ತೊಟ್ಟಿನ ಸೊನೆ ಮತ್ತು ಸಿಪ್ಪೆ ತಾಗಿದರೆ ಕೆಲವರಿಗೆ ಬಾಯಿಯ ಸುತ್ತ ಅಲರ್ಜಿ ಗುಳ್ಳೆ ಏಳುತ್ತದೆ. ಅದು ಮೊಡವೆಯಲ್ಲ. ತೊಟ್ಟು ಮುರಿದು ಸೊನೆ ಇಳಿಸಿ, ತೊಳೆದು, ಸಿಪ್ಪೆ ಕಚ್ಚದೆ ತಿಂದರೆ ಆ ತೊಂದರೆ ಬಹಳಷ್ಟು ಕಡಿಮೆ. ಮಾವಿನ ಕಾಲ ಬೆವರಿನ ಕಾಲವೂ ಹೌದು ಅನ್ನೋದು ಮರೆಯಬೇಡಿ.

ಶೇಂಗಾ, ಮೊಟ್ಟೆ, ಬದನೆಕಾಯಿ, ಖಾರ ಇವುಗಳ ಮೇಲೆ ಮೊಡವೆಯ ಮಟ್ಟಿಗೆ ಗಟ್ಟಿ ಪುರಾವೆ ಇಲ್ಲ. ನೀರು ಹೆಚ್ಚು ಕುಡಿದು ಮೊಡವೆ ತೊಳೆದು ಹೋಗುವುದೂ ಇಲ್ಲ. ಎಣ್ಣೆ ತಿಂದರೆ ಬರದ ಮೊಡವೆ ಎಣ್ಣೆ ಹಚ್ಚಿದರೆ ಮಾತ್ರ ಬರಬಹುದು. ತಲೆಗೆ ಚೆನ್ನಾಗಿ ಎಣ್ಣೆ ಹಾಕಿ ರಾತ್ರಿಯಿಡೀ ಮಲಗುವವರ ಹಣೆಯ ಮೇಲೆ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಕಾಣುತ್ತವೆ. ಚಾಕೊಲೇಟ್ ಪ್ರಯೋಗದ ಅದೇ ಕ್ಲಿಗ್ಮನ್ ತಂಡ 1970ರಲ್ಲಿ ಇದಕ್ಕೆ "ಪೊಮೇಡ್ ಆಕ್ನಿ" ಎಂದು ಹೆಸರಿಟ್ಟಿತು.

ಚಾಕೊಲೇಟ್ ಬಗ್ಗೆ ಹೆಣ್ಣುಮಕ್ಕಳಿಗೆ ಒಂದು ಸೂಕ್ಷ್ಮ. ಮುಟ್ಟಿಗೆ ನಾಲ್ಕೈದು ದಿನ ಮೊದಲು ಮೊಡವೆ ಏಳೋದು ಸಾಮಾನ್ಯ, ಸಿಹಿ ತಿನ್ನಬೇಕು ಅನ್ನಿಸೋದೂ ಆಗಲೇ. ಎರಡನ್ನೂ ತಂದದ್ದು ಹಾರ್ಮೋನು, ಬೈಗುಳ ತಿನ್ನೋದು ಚಾಕೊಲೇಟು.

ಪಥ್ಯ ಮಾಡುತ್ತಾ ಕಲೆ ಉಳಿದಾಗ

ನಮ್ಮ ಚಿಕ್ಕಮ್ಮನ ಮಗಳು ಎರಡು ವರ್ಷ ಹೀಗೆ ಒಂದೊಂದೇ ಬಿಡುತ್ತಾ ಹೋದಳು. ಮೊದಲು ಹಾಲು, ಆಮೇಲೆ ಗೋಧಿ, ಆಮೇಲೆ ತುಪ್ಪ, ಮೊಟ್ಟೆ. ಮನೆಗೆ ಬಂದಾಗ ಹೋಳಿಗೆ ತಟ್ಟೆ ಮುಂದೆ ಇಟ್ಟರೆ ಕಣ್ಣಲ್ಲಿ ನೀರು. "ಅಕ್ಕ, ಇಷ್ಟೆಲ್ಲ ಬಿಟ್ಟರೂ ಹೋಗ್ತಾ ಇಲ್ಲ ಅಂದ್ರೆ ನಾನು ಇನ್ನೂ ಏನೋ ತಪ್ಪು ತಿಂತಿದ್ದೀನಿ ಅಂತ ಅಲ್ವಾ?" ಅಂತ ಕೇಳಿದಳು. ಮುಟ್ಟು ಎರಡು ತಿಂಗಳಿಗೊಮ್ಮೆ ಬರ್ತಿತ್ತು, ಗಲ್ಲದ ಮೇಲೆ ಕೂದಲು ಕಾಣ್ತಿತ್ತು. ಯಾರೂ ಅದನ್ನು ಮೊಡವೆ ಜೊತೆ ಜೋಡಿಸಿ ನೋಡಿರಲಿಲ್ಲ. ಎಲ್ಲರೂ ತಟ್ಟೆಯನ್ನೇ ನೋಡುತ್ತಿದ್ದೆವು. ಕೊನೆಗೆ ಪರೀಕ್ಷೆಯಲ್ಲಿ ಪಿಸಿಒಎಸ್ ಅಂತ ಗೊತ್ತಾಯಿತು. ಅಷ್ಟರಲ್ಲಿ ಎರಡೂ ಕೆನ್ನೆಯಲ್ಲಿ ಗುಳಿ ಬಿದ್ದಾಗಿತ್ತು.

ಮೊಡವೆ ಹೋಗುತ್ತೆ, ಗುಳಿ ಸುಲಭವಾಗಿ ಹೋಗಲ್ಲ. ನಮ್ಮ ಕಂದು ಚರ್ಮದಲ್ಲಿ ಕಪ್ಪು ಕಲೆಯೂ ತಿಂಗಳುಗಟ್ಟಲೆ ನಿಲ್ಲುತ್ತದೆ, ಹಿಸುಕಿದರೆ ಇನ್ನೂ ಜಾಸ್ತಿ. ಗಂಟಿನಂತೆ ಆಳವಾದ ಮೊಡವೆ, ಈಗಾಗಲೇ ಗುಳಿ ಬೀಳುತ್ತಿರುವುದು, ದವಡೆಯ ಸಾಲಿನ ಮೊಡವೆ ಜೊತೆ ಮುಟ್ಟಿನ ಏರುಪೇರು, 25 ದಾಟಿದ ಮೇಲೆ ಹೊಸದಾಗಿ ಶುರುವಾದದ್ದು ಇವುಗಳಲ್ಲಿ ಯಾವುದಿದ್ದರೂ ಊಟದ ಪ್ರಯೋಗಕ್ಕೆ ಕಾಯದೆ ಚರ್ಮವೈದ್ಯರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ, ಎರಡು ದಿನದಲ್ಲಿ ಮುಖ ಬೆಳ್ಳಗೆ ಮಾಡುವ ಟ್ಯೂಬ್ ಬೇಡವೇ ಬೇಡ. ಅವುಗಳಲ್ಲಿ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಚಂದ, ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಬಿಟ್ಟರೆ ದುಪ್ಪಟ್ಟು ಏಳುತ್ತದೆ.

ಪರೀಕ್ಷೆ ಮಾಡಿಯೇ ನೋಡಬೇಕು ಅಂದರೆ

ಮಾಡಿ. ಆದರೆ ನಿನ್ನೆಯ ಪಿಜ್ಜಾಕ್ಕೂ ಇವತ್ತಿನ ಮೊಡವೆಗೂ ಗಂಟು ಹಾಕಬೇಡಿ. ಕಣ್ಣಿಗೆ ಕಾಣುವ ಮೊಡವೆಯ ಬಿರಡೆ ಎಷ್ಟೋ ವಾರ ಮೊದಲೇ ಒಳಗೆ ಕೂತಿರುತ್ತದೆ. ಆದ್ದರಿಂದ 10-12 ವಾರ ಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ: ಮೊದಲು ಸಕ್ಕರೆ, ಕೂಲ್‌ಡ್ರಿಂಕ್, ಬೇಕರಿ ಮೈದಾ ಇಳಿಸಿ, ಯಾಕೆಂದರೆ ಇದಕ್ಕೇ ಪುರಾವೆ ಹೆಚ್ಚು, ಮೊಡವೆಗೆ ಉಪಯೋಗವಾಗದಿದ್ದರೂ ಬೇರೆ ಲಾಭ ಇದ್ದೇ ಇದೆ. ಪ್ರತಿ ಭಾನುವಾರ ಬೆಳಿಗ್ಗೆ ಅದೇ ಕಿಟಕಿಯ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ ಒಂದು ಫೋಟೋ ತೆಗೆಯಿರಿ. ಕನ್ನಡಿ ದಿನಾ ಒಂದೊಂದು ಹೇಳುತ್ತೆ, ಫೋಟೋ ಹೇಳಲ್ಲ. ಹನ್ನೆರಡು ವಾರದ ನಂತರ ವ್ಯತ್ಯಾಸ ಇಲ್ಲದಿದ್ದರೆ ಬಿಟ್ಟದ್ದನ್ನು ಮತ್ತೆ ತಿನ್ನಲು ಶುರು ಮಾಡಿ.

ವೈದ್ಯರು ಬರೆದ ಕ್ರೀಮು ಇದ್ದರೆ ಅದನ್ನು ನಿಲ್ಲಿಸಿ ಪಥ್ಯ ಮಾಡಬೇಡಿ. ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್‌ಗಳಿಗೂ ಕೆಲಸ ತೋರಿಸಲು 8ರಿಂದ 12 ವಾರ ಹಿಡಿಯುತ್ತದೆ. ಎರಡೇ ವಾರಕ್ಕೆ ಟ್ಯೂಬ್ ಬಿಸಾಡುವವರೇ ಜಾಸ್ತಿ.

ಮಾತ್ರೆಯ ವಿಷಯದಲ್ಲಿ ಮಾತ್ರ ಊಟದ ನಿಯಮ ಅನುಮಾನವಿಲ್ಲದೆ ಮುಖ್ಯ. ಐಸೊಟ್ರೆಟಿನಾಯಿನ್ ಕ್ಯಾಪ್ಸೂಲ್ ಜಿಡ್ಡಿನಲ್ಲಿ ಕರಗುವ ಔಷಧ. ಸಾಮಾನ್ಯ ಕ್ಯಾಪ್ಸೂಲನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಊಟದ ಜೊತೆ ತಗೊಳ್ಳಿ ಅಂತ ವೈದ್ಯರು ಹೇಳೋದು ಅದಕ್ಕೇ. ಮೊಡವೆಗೆ ಹೆದರಿ ತುಪ್ಪ, ಎಣ್ಣೆ ಪೂರ್ತಿ ಬಿಟ್ಟವರಿಗೆ ಔಷಧವೇ ಸರಿಯಾಗಿ ಹತ್ತದೆ ಹೋಗಬಹುದು. ಈ ಮಾತ್ರೆ ಗರ್ಭದ ಮಗುವಿಗೆ ತೀವ್ರ ಹಾನಿ ಮಾಡುತ್ತದೆ. ಅದನ್ನು ತಗೊಳ್ಳುವಾಗ, ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ನಿಲ್ಲಬಾರದು. ಮದುವೆ ನಿಶ್ಚಯವಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಡಾಕ್ಸಿಸೈಕ್ಲಿನ್ ಬರೆದಿದ್ದರೆ ಐರನ್, ಕ್ಯಾಲ್ಸಿಯಂ ಮಾತ್ರೆ, ಗ್ಯಾಸಿನ ಆಂಟಾಸಿಡ್‌ಗಳನ್ನು ಅದೇ ಹೊತ್ತಿಗೆ ನುಂಗಬೇಡಿ, ಎರಡು ಮೂರು ಗಂಟೆ ಅಂತರ ಇರಲಿ. ದೊಡ್ಡ ಲೋಟ ನೀರಿನ ಜೊತೆ ನುಂಗಿ, ನುಂಗಿದ ಕೂಡಲೇ ಹಾಸಿಗೆಗೆ ಬೀಳಬೇಡಿ. ಮಾತ್ರೆ ಗಂಟಲಲ್ಲಿ ನಿಂತು ಸುಟ್ಟಂತಾಗುತ್ತದೆ, ಅರ್ಧ ಗಂಟೆಯಾದರೂ ಕೂತಿರಿ.